ಅಯಾಜನ ಡಬ್ಬಿಯ ಹನ್ನೊಂದು ಚಿಪ್‌ಗಳು

ಗಜೇಂದ್ರಗಡ
೧೮ ನವೆಂಬರ್ ೨೦೨೪

ದೋಸ್ತ ಕಳಕೇಶನಿಗೆ ಅಲ್ಲಾಸಾಬನ ಸಲಾಮು.

ಹೊಳೆಆಲೂರಿನಲ್ಲಿ ನೀನು, ಭಾರತಿ ತಂಗಿ, ಮಕ್ಕಳು ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನಾವೂ ಆರಾಮ ಎಂದು ಬರೆಯುವುದು ರೂಢಿ, ಆದರೆ ನಿನ್ನ ಹತ್ತಿರ ಸುಳ್ಳು ಬರೆದು ಏನು ಮಾಡಲಿ? ನೀನು ನಾಲ್ಕು ಸಲ ಫೋನು ಮಾಡಿದೆ, ನಾನು ಎತ್ತಲಿಲ್ಲ. ಸಿಟ್ಟಾಗಬೇಡ ಮಾರಾಯ. ಮಗ ಅಯಾಜ ಮಗ್ಗುಲಲ್ಲೇ ಮಲಗಿರುತ್ತಾನೆ, ಅವನ ಸುದ್ದಿಯನ್ನು ಅವನ ಮುಂದೆಯೇ ಹೇಗೆ ಹೇಳುವುದು? ಅದಕ್ಕೇ ಗುಜರಿ ಅಂಗಡಿಗೆ ಬಂದು, ತಕ್ಕಡಿ ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಇವೆ, ಹೊಂದಿಸಿಕೊಂಡು ಓದು.

ಮಗನ ದಮ್ಮು ಇನ್ನೂ ಕೆಟ್ಟಿದೆ. ಹುಬ್ಬಳ್ಳಿಯಲ್ಲಿ ಎಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಲಂಗ್ಸ್ ಪೂರಾ ಕೆಟ್ಟಾವ್ರಿ. ನಮ್ಮ ಕೈಯಾಗಿಂದು ಮುಗೀತು. ಮನಿಗೆ ಕರಕೊಂಡ ಹೋಗ್ರಿ, ಅವ ಏನ ಕೇಳತಾನ ಅದನ್ನ ಕೊಡ್ರಿ" ಎಂದರು. ಅವನು ಕೇಳುವುದಾದರೂ ಏನು? ಊಟ ಕೇಳುವುದಿಲ್ಲ, ಔಷಧ ಕೇಳುವುದಿಲ್ಲ. ಇಪ್ಪತ್ತನಾಲ್ಕು ವರ್ಷದ ಹುಡುಗ ಹಳೆ ಕಂಪ್ಯೂಟರಿನ ಚಿಪ್ ಕೇಳುತ್ತಾನೆ!

ಆ ಹುಚ್ಚು ಹಚ್ಚಿದವನು ನೀನೇ. ರೋಣದ ನಿನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತವನಲ್ಲವೇ ಅವನು. ಹೋದ ವರ್ಷ, ಹಳೆ ಪ್ರೊಸೆಸರ್ ಚಿಪ್ ಕೂಡಿಸುವುದು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದಾಗ ನೀನು ಹೇಳಿದ್ದು ನನಗೂ ಬಾಯಿಪಾಠ ಆಗಿದೆ: "ಸಿಕ್ಕಿದ್ದೆಲ್ಲಾ ಬಳಕೋಬ್ಯಾಡ. ಒಂದೊಂದು ತಲಿಮಾರಿಂದು ಒಂದೊಂದು ಸಾಕು. ಅಂಚು ಹಿಡದ ಎತ್ತು, ಕಾಲು ಬಾಗಸಬ್ಯಾಡ. ಬೆನ್ನ ಮ್ಯಾಲಿನ ನಂಬರ ಅಂದ್ರ ಅದರ ಹೆಸರು. ಯಾವ ಊರಿಂದ ಬಂತು, ಬರದಿಡು." ನಾನು ನಕ್ಕಿದ್ದೆ. ಕಬ್ಬಿಣ, ತಾಮ್ರ, ಹಿತ್ತಾಳೆ ಬಲ್ಲ ನನಗೆ ತೂಕಕ್ಕೆ ಹಾಕದೆ ಇಟ್ಟುಕೊಳ್ಳುವ ಸಾಮಾನು ಹೊಸದು. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ.

ಅವನು ಹಾಸಿಗೆ ಹಿಡಿದ ಮೇಲೆ ಕತ್ತೆಯೂ ಕಲಿಯಿತು. ಇಂಗ್ಲಿಷ್ ಬಾರದಿದ್ದರೂ ಅಂಕಿ ಓದಲು ಬರುತ್ತದಲ್ಲ. ರಾಜೂರು, ಅಸೂಟಿ ಎಲ್ಲ ತಿರುಗಿ ಕೆಟ್ಟ ಕಂಪ್ಯೂಟರ್ ಬಿಚ್ಚಿ ತಂದೆ. ನರಗುಂದದ ಒಂದು ಟೈಪಿಂಗ್ ಕ್ಲಾಸಿನ ಅಟ್ಟದ ಮೇಲೆ ೪೮೬ ನಂಬರಿನ ಹಳೆ ಚಿಪ್ ಸಿಕ್ಕ ದಿನ ಅವನು ದಿಂಬಿಗೆ ಒರಗಿ ಎದ್ದು ಕೂತು, "ಅಬ್ಬಾ, ಇದು ನನಕಿಂತ ಹಿರೇದು" ಎಂದು ಸಲಾಮು ಮಾಡಿದ. ಮಿಠಾಯಿ ಡಬ್ಬಿಯಲ್ಲಿ ಥರ್ಮಾಕೋಲ್ ಹಾಸಿ ಹನ್ನೊಂದನ್ನು ಚುಚ್ಚಿಟ್ಟಿದ್ದ. ನೋಟ್‌ಬುಕ್ಕಿನಲ್ಲಿ ನಂಬರು, ಪಕ್ಕದಲ್ಲಿ ಊರು. ಸಿಗದೆ ಉಳಿದದ್ದು ಅದಕ್ಕೂ ಹಳೆಯ ೨೮೬ ಒಂದೇ. "ಅದನ್ನ ಕಳಕೇಶ ಸರ್ ತರತಾರ" ಎನ್ನುತ್ತಿರುತ್ತಾನೆ. ಆ ೨೮೬ ಇದ್ದ ನಿನ್ನ ಮನೆಯ ಹಳೆ ಕಂಪ್ಯೂಟರು ಹೊಳೆ ಬಂದಾಗ ಹೋಯಿತು ಎಂದು ನೀನು ಹೇಳಿದ್ದನ್ನು ನಾನು ಅವನಿಗೆ ತಿಳಿಸಿಲ್ಲ. ಹೇಗೆ ತಿಳಿಸಲಿ?

ಹೋದ ಶುಕ್ರವಾರದ ಕೆಲಸ ಕೇಳು. ನಾನು ನಮಾಜಿಗೆ ಹೋಗಿದ್ದೆ, ಅಯಾಜನಿಗೆ ನಿದ್ದೆ ಹತ್ತಿತ್ತು. ಅವನನ್ನು ನೋಡಲು ಕೊಪ್ಪಳದಿಂದ ನೆಂಟರು ಬರುವವರಿದ್ದರು. ಅವನ ತಾಯಿ ಮೈಮುನಬಿ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಾಳೆ. ಅದೇ ಕೈಯಲ್ಲಿ ಡಬ್ಬಿಯನ್ನೂ ತೆಗೆದು, ಹನ್ನೊಂದು ಚಿಪ್‌ಗಳನ್ನು ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಹರವಿದ್ದಾಳೆ. ನಾನು ಬಂದು ನೋಡಿದರೆ ಬಂಗಾರದ ಮುಚ್ಚಳಗಳು ಫಳಫಳ, ಕಾಲುಗಳು ಸೊಟ್ಟ. ನಂಬರು ಕೊರೆದಿದ್ದ ಎರಡರಲ್ಲಿ ಮಾತ್ರ ಅಕ್ಷರ ಉಳಿದಿವೆ. ಬಣ್ಣದಲ್ಲಿ ನಂಬರು ಒತ್ತಿದ್ದ ಒಂಬತ್ತೂ ಬೋಳು.

ನಾನು ಓಣಿಗೆಲ್ಲ ಕೇಳುವಂತೆ ಒದರಾಡಿದೆ. ಆಕೆ ಅಂಗಳದಲ್ಲೇ ಕುಸಿದು, "ನನ್ನ ಮಗನ ಸಾಮಾನ ಮಾಸಿದ್ದು ನೋಡಿ ತಡಕೊಳ್ಳಾಕ ಆಗಲಿಲ್ರಿ. ಬಂದವರು ಏನ ಅಂದಾರು ಅಂತ ತಿಕ್ಕಿದೆ" ಎಂದಳು. ಅಷ್ಟರಲ್ಲಿ ಅಯಾಜ ಎದ್ದಿದ್ದ. ಡಬ್ಬಿ ತರಿಸಿಕೊಂಡು ಒಂದೊಂದರ ಬೆನ್ನಿನ ಮೇಲೂ ಬೆರಳಾಡಿಸಿದ. "ಭಾಳ ಚಂದ ಹೊಳ್ಯಾಕತ್ತಾವ ಅಮ್ಮೀ" ಎಂದ. ಆಮೇಲೆ ಗೋಡೆಯ ಕಡೆ ಮುಖ ಮಾಡಿದವನು ಇವತ್ತಿನವರೆಗೂ ಡಬ್ಬಿ ಕೇಳಿಲ್ಲ. ನೋಟ್‌ಬುಕ್ಕಿನಲ್ಲಿ ಊರಿನ ಹೆಸರುಗಳಿವೆ. ಯಾವುದು ನರಗುಂದದ್ದು, ಯಾವುದು ರಾಜೂರಿನದು ಎಂದು ನನಗೆ ತಿಳಿಯುತ್ತಿಲ್ಲ.

ಬರುವಾಗ ಏನೂ ತರಬೇಡ. ನೀನು ಬಂದರೂ ಅವನು ಹುಷಾರಾಗುವುದಿಲ್ಲ, ನನಗೆ ಗೊತ್ತು. ಆದರೂ ಲಗೂ ಬಾ. ಅವನ ಪಕ್ಕ ಕೂತು ಆ ಚಿಪ್‌ಗಳನ್ನು ಕೈಯಲ್ಲಿ ಹಿಡಿದು, ಇದು ಇಂಥದ್ದು, ಇದು ಇಂಥದ್ದು ಎಂದು ಬಾಯಿಗೆ ಬಂದ ಹೆಸರು ಹೇಳು. ಸುಳ್ಳಾದರೂ ಚಿಂತೆಯಿಲ್ಲ.

ನಿನ್ನ ಮಕ್ಕಳಿಗೆ ನನ್ನ ದುವಾ. ಅವರ ಎದೆಯಲ್ಲಿ ಉಸಿರು ಸಲೀಸಾಗಿ ಆಡುತ್ತಿರಲಿ.

ನಿನ್ನ
ಅಲ್ಲಾಸಾಬ

ತಾ.ಕ.: ಗುಜರಿ ಧೂಳಿನಿಂದ ಮಗನಿಗೆ ಹೀಗಾಯಿತು ಎಂದು ನಿನಗೂ ಹೇಳಿದೆ, ಡಾಕ್ಟರಿಗೂ ಹೇಳಿದೆ. ಧೂಳಲ್ಲ ಕಳಕೇಶ. ಚಿಪ್ ಕೂಡಿಸುವುದಕ್ಕೆ ಮೊದಲು ಅವನು ಚಿಪ್ ಕರಗಿಸುತ್ತಿದ್ದ. ಅದರಲ್ಲಿ ಬಂಗಾರ ಇದೆ ಎಂದು ಯಾರೋ ಹೇಳಿದರು, ಆಸಿಡ್ ತಂದುಕೊಟ್ಟವನು ನಾನು. ಹೊಗೆ ಕಂಡರೆ ಓಣಿಯವರು ಕೇಳುತ್ತಾರೆ, ಬಾಗಿಲು ಹಾಕಿಕೋ ಎಂದವನೂ ನಾನು. ಹಿಂದಿನ ಕೋಣೆಯಲ್ಲಿ ಒಂದು ವರ್ಷ ಕೂತ. ಕೆಮ್ಮು ಶುರುವಾದ ಮೇಲೆಯೇ, "ಅಬ್ಬಾ, ಎಲ್ಲಾ ಕರಗಿಸಿಬಿಟ್ವಿ, ಒಂದೊಂದಾದ್ರೂ ಉಳಸೋಣು" ಎಂದು ನಿನ್ನ ಹತ್ತಿರ ಬಂದದ್ದು. ಗೋಣಿಚೀಲಗಟ್ಟಲೆ ಕರಗಿಸಿದ್ದಕ್ಕೆ ಜೋಳದ ಕಾಳಿನಷ್ಟು ಬಂಗಾರ ಬಂತು. ಅದರಲ್ಲಿ ಮೈಮುನಬಿಗೆ ಮೂಗಿನ ನತ್ತು ಮಾಡಿಸಿಕೊಟ್ಟೆ. ಅದನ್ನು ಹಾಕಿಕೊಂಡೇ ಆಕೆ ದಿನಾ ಮಗನ ಎದೆ ನೀವುತ್ತಾಳೆ. ಅವನು ಆ ನತ್ತನ್ನೇ ನೋಡುತ್ತ ಮಲಗಿರುತ್ತಾನೆ. "ನತ್ತಿನ ಬಂಗಾರ ಎಲ್ಲಿಂದು ಅಂತ ಅಮ್ಮೀಗೆ ಹೇಳಬ್ಯಾಡ ಅಬ್ಬಾ" ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಾನೆ.