ಒಂದೇ ವಾರ್ಡಿನ ಮೂವರು ಯಹ್ಯಾ

ಪ್ರೀತಿಯ ಅಬ್ಬಾ,

ನಿಮ್ಮ ಮೊಮ್ಮಗ ಹೋದ ವಾರ ಗಾಜಿನ ಪೆಟ್ಟಿಗೆಯಿಂದ ಹೊರಬಂದು ನನ್ನ ಮಡಿಲಲ್ಲೇ ಹಾಲು ಕುಡಿದ. ನನಗೆ ಹೋದ ಜೀವ ಬಂದಂತಾಯಿತು.

“ಯಹ್ಯಾ ಅಂತ ಬೀದಿಗೊಬ್ಬ ಇದ್ದಾನೆ, ಬೇರೆ ಹೆಸರು ಹುಡುಕಮ್ಮಾ” ಎಂದಿರಲ್ಲ, ಈ ವಾರ್ಡಿನಲ್ಲೇ ಮೂವರಿದ್ದಾರೆ! ಅರಬ್ಬಿಯಲ್ಲಿ ಅದಕ್ಕೆ ‘ಬದುಕುತ್ತಾನೆ’ ಎಂದರ್ಥ. ತಿಂಗಳು ತುಂಬದೆ ಹೆತ್ತವರು ಇನ್ಯಾವ ಹೆಸರು ತಾನೇ ಹುಡುಕುತ್ತಾರೆ?

ಇವತ್ತು ಬೆಳಿಗ್ಗೆ ನರ್ಸಮ್ಮ ಬಾಗಿಲಲ್ಲಿ ನಿಂತು, “ಯಹ್ಯಾನ ತಾಯಿ ಯಾರ್ರೀ? ನಾಳೆ ಮನೆಗೆ ಹೋಗ್ಬೋದು” ಎಂದರು. ಮೂವರು ತಾಯಂದಿರೂ ಎದ್ದು ನಿಂತೆವು. ಅವರು ನಕ್ಕುಬಿಟ್ಟು, “ಯಾವ ಯಹ್ಯಾ ಅಂತ ಕೇಳ್ಬೇಡಿ, ಡಾಕ್ಟರು ಮೂವರಿಗೂ ಹೂಂ ಅಂದಿದ್ದಾರೆ, ಮೂವರೂ ಹೊರಡಿ” ಎಂದರು.

ನೀವು ಹೊಲಿದು ಕಳಿಸಿದ ಅಂಗಿಯಲ್ಲಿ ಅವನು ಮುಳುಗೇ ಹೋಗುತ್ತಾನೆ. ತೋಳು ಎರಡು ಬೆರಳು ಚಿಕ್ಕದಿರಲಿ. ಒಂದಲ್ಲ, ಮೂರು ಹೊಲಿಯಿರಿ. ಬೀದಿಗೊಬ್ಬ ಇರಲಿ ಬಿಡಿ, ಅಬ್ಬಾ.

ಇಂತಿ,
ನಿದ್ದೆಗಣ್ಣಿನ ನಿಮ್ಮ ಮಗಳು