ಇಬ್ಬರು ಹಮಾಲರ ಆಟ

ಏಪ್ರಿಲ್ 15, ಮಂಗಳವಾರ

ಆರೂವರೆಗೆ ನಲ್ಲಿ ನೀರು ಬಂತು. ಎರಡು ಡ್ರಮ್ ತುಂಬಿಸಿದೆ. ಮಂಡಿ ಪರವಾಗಿಲ್ಲ. ರಕ್ಷಾ ಎದ್ದಾಗ ಒಂಬತ್ತು. ಬೇಸಿಗೆ ರಜೆ. ಮೊನ್ನೆ ಭಾನುವಾರ ಸೌಂದರ್ಯ ಮಗಳನ್ನು ನಮ್ಮಲ್ಲಿ ಬಿಟ್ಟು ಶಿವಮೊಗ್ಗಕ್ಕೆ ವಾಪಸ್ ಹೋದಳು. ನವುಲೆಯ ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಅವಳಿಗೆ ರಜೆಯಿಲ್ಲ.

ಹುಡುಗಿ ಬಟ್ಟೆಗಿಂತ ಹೆಚ್ಚು ವೈರು ತಂದಿದ್ದಾಳೆ. ಟಿವಿಗೆ ಕಪ್ಪು ಡಬ್ಬಿಯೊಂದನ್ನು ಸಿಕ್ಕಿಸಿದಳು. ವಿಡಿಯೋ ಗೇಮ್. ಇವರಿಗೆ ಹನ್ನೊಂದು ಗಂಟೆ ವಾರ್ತೆ ತಪ್ಪಿತು. ರೇಗುತ್ತಾರೆ ಅಂದುಕೊಂಡೆ. ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಏಪ್ರಿಲ್ 16, ಬುಧವಾರ, ಮಧ್ಯಾಹ್ನ 3

ನನ್ನ ಕೈಗೂ ಒಂದು ರಿಮೋಟ್ ಕೊಟ್ಟಳು. ರಿಮೋಟ್ ಅಲ್ಲವಂತೆ, ಕಂಟ್ರೋಲರ್. ಆಟದಲ್ಲಿ ಇಬ್ಬರು ಹಮಾಲರು. ಒಂದು ಬೀರುವನ್ನು ಎರಡೂ ಕಡೆಯಿಂದ ಹಿಡಿದು ಕೆಸರು, ಸೇತುವೆ, ಗುಡ್ಡ ದಾಟಿಸಿ ಯಾರದೋ ಮನೆಗೆ ಮುಟ್ಟಿಸಬೇಕು. ಒಬ್ಬರೇ ಆಡಲು ಬರುವುದಿಲ್ಲ. ಒಬ್ಬರು ಕೈ ಬಿಟ್ಟರೂ ಬೀರು ಹೋಯಿತು.

ಹನ್ನೊಂದು ಸಲ ಹೊಳೆಗೆ ಹಾಕಿದೆ. ಆಮೇಲೆ ಇವರು ಕೇಳಿದರು, ಇದರಲ್ಲಿ ನೀನು ಯಾವುದು ಅಂತ.

ಏಪ್ರಿಲ್ 19, ಶನಿವಾರ

ಇವತ್ತು ಸೇತುವೆ ದಾಟಿದೆವು.

ರಕ್ಷಾಳ ತೊಂದರೆ ಏನೆಂದು ತಿಳಿಯಿತು. ಗುಂಡಿ ಒತ್ತುವಾಗ ಕೈ ನೋಡುತ್ತಾಳೆ. ತಲೆ ಎತ್ತುವಷ್ಟರಲ್ಲಿ ಹಮಾಲ ನೀರಿನಲ್ಲಿ. ಇದೇ ಹಾಲಿನಲ್ಲಿ ಮೂವತ್ತೊಂದು ವರ್ಷ ಟೈಪಿಂಗ್ ಕ್ಲಾಸ್ ನಡೆಸಿದವಳು ನಾನು. ನಮ್ಮ ಓಲ್ಡ್ ಟೌನಿನ ಅರ್ಧ ಜನಕ್ಕೆ ಇವತ್ತಿಗೂ ಜಗದಾಂಬಾ ಟೀಚರ್. ಕೈ ನೋಡಿ ಟೈಪ್ ಮಾಡುವವರ ಕೈ ಮೇಲೆ ಟವೆಲ್ ಹೊದಿಸುತ್ತಿದ್ದೆ. ಒಳಗಿನಿಂದ ಒಂದು ಟವೆಲ್ ತಂದೆ. ಹುಡುಗಿ ಗೊಣಗಿದಳು. ಮುಕ್ಕಾಲು ಗಂಟೆಯಲ್ಲಿ ಬೆರಳಿಗೆ ದಾರಿ ಗೊತ್ತಾಯಿತು.

ಈ ಆಟ ಇಷ್ಟು ಹಿಡಿಸುತ್ತದೆ ಎಂದು… ಮಧ್ಯಾಹ್ನದ ನಿದ್ದೆ ಬಿಟ್ಟು ನಾಲ್ಕು ದಿನವಾಯಿತು.

ಏಪ್ರಿಲ್ 20, ಭಾನುವಾರ

ಸೌಂದರ್ಯ ಫೋನ್ ಮಾಡದೆ ಬಂದಳು. ನಾನು ಬಾಗಿಲಿಗೆ ಬೆನ್ನು ಹಾಕಿ, ಎಡಕ್ಕೆ ಎಡಕ್ಕೆ ಎಂದು ರಕ್ಷಾಳನ್ನು ಗದರುತ್ತಿದ್ದೆ. ಹಿಂದಿನಿಂದ ನಗು ಕೇಳಿಸಿತು. ತಿರುಗಿದೆ. ನುಗ್ಗೆಕಾಯಿ ಚೀಲ ಹಿಡಿದು ನಿಂತಿದ್ದಳು. ತುಂಬಾ ಹೊತ್ತು ನಕ್ಕಳು. ಆಮೇಲೆ ಚೀಲ ಒಳಗೆ ಇಡಲು ಹೋದಳು.

ಸಂಜೆ ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ ಹೇಳಿದಳು: "ನನ್ನ ಗೇಮು ರಿಪೇರಿಯಾಗಿ ಬರ್ಲೇ ಇಲ್ಲ ಅಲ್ವಾ ಅಮ್ಮ."

ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು.

ಏಪ್ರಿಲ್ 21, ಸೋಮವಾರ

ಬರೆದುಬಿಡುತ್ತೇನೆ.

ತೊಂಬತ್ತೆಂಟನೇ ಇಸವಿ. ಸೌಂದರ್ಯಳಿಗೆ ಏಳನೇ ಕ್ಲಾಸು, ಪಬ್ಲಿಕ್ ಪರೀಕ್ಷೆ. ನನ್ನ ತಮ್ಮ ಶಿವಮೂರ್ತಪ್ಪ ಮದ್ರಾಸಿನಿಂದ ಒಂದು ಟಿವಿ ಗೇಮ್ ತಂದುಕೊಟ್ಟ. ಹುಡುಗಿ ಪುಸ್ತಕ ಮುಟ್ಟಲಿಲ್ಲ. ಒಂದು ದಿನ ಅವಳು ಸ್ಕೂಲಿಗೆ ಹೋದಾಗ ಅದನ್ನು ಬ್ಯಾಗಿಗೆ ಹಾಕಿ ಫಕ್ರುದ್ದೀನ್ ಅವರ ರೇಡಿಯೋ ರಿಪೇರಿ ಅಂಗಡಿಗೆ ಕೊಟ್ಟುಬಂದೆ. ಕೆಟ್ಟಿರಲಿಲ್ಲ. ನೀವೇ ಇಟ್ಟುಕೊಳ್ಳಿ, ಮಗಳು ಕೇಳಿದರೆ ಇನ್ನೂ ಆಗಿಲ್ಲ ಅನ್ನಿ ಎಂದೆ. ಅವಳಿಗೆ ಕೆಟ್ಟಿದೆ ಎಂದೆ.

ದಿನಾ ಸ್ಕೂಲ್ ಮುಗಿಸಿ ಆ ಅಂಗಡಿಗೆ ಹೋಗಿ ಕೇಳುತ್ತಿದ್ದಳಂತೆ. ಯಾರೋ ಹೇಳಿದ್ದರು. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಪರೀಕ್ಷೆಯಲ್ಲಿ ಒಳ್ಳೇ ಮಾರ್ಕ್ಸ್ ಬಂತು. ಸರಿಯಾಗೇ ಮಾಡಿದೆ ಅಂದುಕೊಂಡೆ.

ನಿನ್ನೆ ಅವಳ ಮಗಳ ಜೊತೆ ಕೂತು ಅದನ್ನೇ ಆಡುತ್ತಿದ್ದೆ. ಅವಳ ಕಣ್ಣೆದುರಿಗೇ.

ಏಪ್ರಿಲ್ 29, ಮಂಗಳವಾರ

ಒಂದು ವಾರ ಕಾಲು ಏಳಲಿಲ್ಲ. ಇವತ್ತು ಹೋದೆ.

ಅಂಗಡಿಯಲ್ಲಿ ಈಗ ರೇಡಿಯೋ ಇಲ್ಲ. ಫಕ್ರುದ್ದೀನ್ ಅವರ ಮಗಳು ಅತೀಕಾ ಮೊಬೈಲ್ ರಿಪೇರಿ ಮಾಡುತ್ತಾಳೆ. ಅವರು ಕೌಂಟರಿನ ಪಕ್ಕ ಸ್ಟೂಲಿನ ಮೇಲೆ. ನನ್ನನ್ನು ಕಂಡು ಎದ್ದರು, ಕೂರಿಸಿದರು, ಟೀ ತರಿಸಿದರು. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. ನನ್ನ ಸುಳ್ಳಿಗೆ ನಿಮ್ಮನ್ನೂ ಸೇರಿಸಿಕೊಂಡೆ, ಮಗುವನ್ನು ತಿಂಗಳುಗಟ್ಟಲೆ ಬರಿಗೈಲಿ ಕಳಿಸುವ ಹಾಗೆ ಮಾಡಿದೆ, ತಪ್ಪಾಯಿತು ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಟೀಚರಮ್ಮ, ನಾನು ನಿಮ್ಮ ಮಾತು ಉಳಿಸ್ಕೊಂಡಿಲ್ಲ."

ಎರಡು ದಿನ ಇಲ್ಲ ಅಂದರಂತೆ. ಮೂರನೇ ದಿನ ಯೂನಿಫಾರ್ಮಿನಲ್ಲಿ, ಬೆನ್ನ ಮೇಲೆ ಬ್ಯಾಗು ಹೊತ್ತುಕೊಂಡು ನಿಂತ ಹುಡುಗಿಯ ಮುಖ ನೋಡಲಾಗದೆ ಒಳಗೆ ಕರೆದರಂತೆ. ರಿಪೇರಿಗೆ ಬಂದಿದ್ದ ಯಾರದೋ ಟಿವಿಗೆ ಗೇಮ್ ಸಿಕ್ಕಿಸಿಕೊಟ್ಟರಂತೆ. ದಿನಾ ಅರ್ಧ ಗಂಟೆ. ಅತೀಕಾ ಜೊತೆಗೆ. ಎಸ್ಸೆಸ್ಸೆಲ್ಸಿವರೆಗೆ.

ನನಗೆ ಹಿಂದಿ ಕ್ಲಾಸ್ ಎಂದು ಹೇಳುತ್ತಿದ್ದಳು.

ಅತೀಕಾ ಸ್ಕ್ರೂಡ್ರೈವರ್ ಕೆಳಗಿಟ್ಟು, "ಮೂರು ವರ್ಷದಲ್ಲಿ ನನ್ನ ಒಂದು ದಿನಾನೂ ಗೆಲ್ಲೋಕೆ ಬಿಡ್ಲಿಲ್ಲ ಆಂಟಿ" ಅಂದಳು. ಇನ್ನೂ ಬೇಜಾರಿದ್ದ ಹಾಗಿತ್ತು.

ಅಂಗಡಿ ಮೆಟ್ಟಿಲಿಳಿಯುವಾಗ ಸಿಟ್ಟು ಬಂದಿತ್ತು. ಎಲ್ಲರೂ ಸೇರಿ ನನಗೇ ಟೋಪಿ ಹಾಕಿದ್ದಾರೆ. ಹೂವಿನವಳ ಹತ್ತಿರ ಬರುವಷ್ಟರಲ್ಲಿ ನಗು. ಏನಾಯ್ತು ಟೀಚರ್ ಎಂದು ಅವಳು ಕೇಳಿದಳು. ಎರಡು ಮೊಳ ಜಾಸ್ತಿ ತೆಗೆದುಕೊಂಡೆ.

ಮೇ 4, ಭಾನುವಾರ, ರಾತ್ರಿ 8

ಸೌಂದರ್ಯ ಬಂದಿದ್ದಾಳೆ. ಬೆಳಿಗ್ಗೆ ಟೆರೇಸಿನ ಮೇಲೆ ಇಬ್ಬರೂ ಸಂಡಿಗೆ ಇಡುತ್ತಿದ್ದೆವು. ಇವರೂ ರಕ್ಷಾಳೂ ಕೆಳಗೆ.

"ಅದು ಕೆಟ್ಟಿರ್ಲಿಲ್ಲ ಕಣೇ" ಅಂದೆ.

"ಗೊತ್ತು."

"ನಿಂಗೆ ಗೊತ್ತು ಅಂತ ನಂಗೂ ಮೊನ್ನೆ ಗೊತ್ತಾಯ್ತು. ಆ ಹಿಂದಿ ಕ್ಲಾಸಿನ ಮೇಷ್ಟ್ರು ಟೀ ಕೊಡಿಸಿದ್ರು."

ಚಮಚ ಹಿಟ್ಟಿನ ಪಾತ್ರೆಗೆ ಬಿಟ್ಟಳು. ಮುಖ ಕೆಂಪಾಯಿತು. ಮೂವತ್ತೊಂಬತ್ತರ ಹೆಂಗಸು, ಲ್ಯಾಬಿನಲ್ಲಿ ಕೈಕೆಳಗೆ ನಾಲ್ಕು ಜನ — ಹನ್ನೆರಡರ ಹುಡುಗಿಯ ಹಾಗೆ ಸಿಕ್ಕಿಬಿದ್ದಿದ್ದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಅವಳು ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ.

"ಗೇಮ್ ಹೆಂಗೋ ಸಿಕ್ತಲ್ಲಮ್ಮ, ಅದಕ್ಕೆ ಬೇಜಾರಿಲ್ಲ. ಅದರ ಜೊತೆ ಎರಡು ರಿಮೋಟ್ ಬಂದಿತ್ತು. ಒಂದು ನಿಂಗೆ ಅಂತ ಇಟ್ಕೊಂಡಿದ್ದೆ."

ನನಗೆ ನೆನಪಿರಲಿಲ್ಲ. ಎರಡು ರಿಮೋಟ್ ಇದ್ದದ್ದೂ ನೆನಪಿಲ್ಲ. ಕ್ಲಾಸು, ಅಡುಗೆ, ಅತ್ತೆಯ ಔಷಧಿ… ಇವೆಲ್ಲ ಬಾಯಿಗೆ ಬಂದವು. ನುಂಗಿದೆ.

"ತಪ್ಪಾಯ್ತು ಮಗಳೇ."

ಅವಳಿಗೆ ಈ ಮಾತು ಹಿಂದೆ ಯಾವತ್ತೂ ಹೇಳಿಲ್ಲ. ಅವಳು ತಲೆ ತಗ್ಗಿಸಿ ಒಂದು ಸಾಲು ಸಂಡಿಗೆ ಇಟ್ಟಳು. ಸಾಲು ಸೊಟ್ಟಗಿತ್ತು.

"ಹಿಟ್ಟು ಗಟ್ಟಿಯಾಗ್ತಿದೆ, ಬೇಗ ಕೈ ಆಡ್ಸು" ಅಂದಳು.

ಸಂಜೆ ಅವಳೇ ಬಂದು ನನ್ನ ಪಕ್ಕ ಕೂತಳು. ಐದು ನಿಮಿಷದಲ್ಲಿ ಮೂರು ಬೀರು ಹೊಳೆಗೆ. ಎಲ್ಲಾ ಅವಳೇ ಬೀಳಿಸಿದ್ದು. ಅವಳ ಕಾಲದ ರಿಮೋಟಿಗೆ ನಾಲ್ಕೇ ಗುಂಡಿ ಅಂತೆ. ಇವರೂ ಮೊಮ್ಮಗಳೂ ಸೇರಿ ಬೀಳುವುದನ್ನು ಎಣಿಸುತ್ತಿದ್ದರು. ರಾತ್ರಿ ಬಸ್ ಬಿಟ್ಟಳು. ನಾಳೆ ಬೆಳಿಗ್ಗೆ ಆರಕ್ಕೆ ಹೋಗುತ್ತಾಳೆ. ಈಗಲೂ ಹಾಲಿನಲ್ಲಿ ಸದ್ದು. ಪುನಃ ಬಿತ್ತು.

ಮೇ 18, ಭಾನುವಾರ

ಇವರೂ ಆಡಿದರು. ಕಂಟ್ರೋಲರ್ ತಲೆಕೆಳಗೆ ಹಿಡಿದಿದ್ದರು. ಯಾರೂ ಹೇಳಲಿಲ್ಲ. ಹಮಾಲ ಗುಡ್ಡದ ಕಡೆ ಬೆನ್ನು ಹಾಕಿ ಬಂದ ದಾರಿಗೇ ಹೊರಟ. ಅವನಿಗೆ ಮನೆ ನೆನಪಾಗಿರಬೇಕು ಅಂದರು ಇವರು. ರಕ್ಷಾ ನಕ್ಕು ನಕ್ಕು ಬಿಕ್ಕಳಿಕೆ ತಂದುಕೊಂಡಳು.

ಮೇ 28, ಬುಧವಾರ

ನಾಳೆ ಸ್ಕೂಲ್ ಶುರು. ಸೌಂದರ್ಯ ಬಂದು ಕರೆದುಕೊಂಡು ಹೋದಳು. ವೈರು, ಡಬ್ಬಿ, ಎಲ್ಲಾ. ಇವರು ಹನ್ನೊಂದರ ವಾರ್ತೆ ಹಾಕಿದರು. ಎರಡೇ ನಿಮಿಷ. ಆರಿಸಿದರು.

ಜೂನ್ 18, ಬುಧವಾರ, ಬೆಳಿಗ್ಗೆ 10, ನವುಲೆ

ನಿನ್ನೆ ಮಂಡಿ ಡಾಕ್ಟರಿಗೆ ತೋರಿಸಲು ಶಿವಮೊಗ್ಗಕ್ಕೆ ಬಂದೆ. ಮಗಳ ಮನೆಯಲ್ಲೇ ಉಳಿದೆ. ಮಂಡಿ ಪರವಾಗಿಲ್ಲವಂತೆ, ದಿನಾ ನಡೆಯಬೇಕಂತೆ.

ರಕ್ಷಾ ಒಂಬತ್ತಕ್ಕೆ ಸ್ಕೂಲಿಗೆ ಹೋದಳು. ಸೌಂದರ್ಯ ಲ್ಯಾಬಿಗೆ ಹೊರಡಲಿಲ್ಲ. ಕೇಳಿದ್ದಕ್ಕೆ ಅರ್ಧ ದಿನ ರಜೆ ಹಾಕಿದ್ದೇನೆ ಎಂದಳು. ಬಟ್ಟೆ ಒಗೆಯಲು ಇರಬೇಕು ಅಂದುಕೊಂಡು ಇದನ್ನು ಬರೆಯಲು ಕೂತೆ. ನೋಡಿದರೆ ಟಿವಿ ಮುಂದೆ ಚಾಪೆ ಹಾಸಿದ್ದಾಳೆ. ಪಕ್ಕದಲ್ಲಿ ನನಗೊಂದು ದಿಂಬು, ಕಾಲು ಚಾಚಲು.

ರಕ್ಷಾ ಆಡುತ್ತಿದ್ದ ಕಡೆಯಿಂದ ಮುಂದುವರಿಸುವುದಿಲ್ಲವಂತೆ. ನಮ್ಮಿಬ್ಬರದೇ ಹೊಸ ಆಟ, ಮೊದಲಿನಿಂದ. ಶುರುವಿಗೆ ಹಮಾಲರಿಗೆ ಹೆಸರಿಡಬೇಕು. ತನ್ನದನ್ನು ಒಂದೊಂದೇ ಅಕ್ಷರ ಹುಡುಕಿ ಹಾಕಿಕೊಂಡಳು. ಈಗ ಎರಡನೆಯವನದು. ಅಮ್ಮ ಅಂತ ಹಾಕ್ಲಾ, ಜಗದಾಂಬಾ ಅಂತ ಹಾಕ್ಲಾ ಎಂದು ಅಲ್ಲಿಂದಲೇ ಕೇಳುತ್ತಿದ್ದಾಳೆ. ನಾನು —