ನಿನ್ನ ಸೀಟು

ಸುವರ್ಣಾ,

ನೀನು ತೀರಿಕೊಂಡ ಒಂಬತ್ತು ತಿಂಗಳಿಗೆ, ಇವತ್ತು ನಮ್ಮ ಹಳೆಯ ಕಾರಿನ ಎಡ ಚಕ್ರದ ಸವೆದ ರಬ್ಬರ್ ಬುಷ್ ಬದಲು ಮಾಡಿಸಿದೆ. ಖಡಕಿಯ ಗ್ಯಾರೇಜಿನ ಮಾಂತು, ಬಿಚ್ಚುವ ಮೊದಲು ತಾನೇ ಓಡಿಸಿ ನೋಡುತ್ತೇನೆಂದ. ಹಾಗಾಗಿ ಮೊದಲ ಸಲ ನಿನ್ನ ಸೀಟಿನಲ್ಲಿ ಕೂತೆ. ಸ್ಪೀಡ್ ಬ್ರೇಕರ್ ದಾಟಿದಾಗ ಏಟು ನೇರ ಸೊಂಟಕ್ಕೇ ಬಿತ್ತು.

ಆಪರೇಷನ್ ಆದಮೇಲೆ ಆಸ್ಪತ್ರೆಗೆ ಹೋಗುವಾಗೆಲ್ಲ ನೀನು ಹೊಟ್ಟೆಗೆ ದಿಂಬು ಒತ್ತಿಕೊಂಡು, "ಸಾವಕಾಶ ಹೋಗ್ರಿ, ಭಾಳ ಕುಲಕತದ" ಅನ್ನುತ್ತಿದ್ದೆ. ನಾನು "ಹಳೇ ಗಾಡಿ, ಹಿಂಗ ಇರತದ" ಎಂದು ರೇಡಿಯೋ ಜೋರು ಮಾಡುತ್ತಿದ್ದೆ.

ಎರಡೇ ತಾಸಿನ ಕೆಲಸವಾಗಿತ್ತು. ಮಾಂತು ಬಿರಿದ ರಬ್ಬರನ್ನು ನನ್ನ ಅಂಗೈಯಲ್ಲಿಟ್ಟ.

"ಓಡಸೋರಿಗೆ ಇಷ್ಟು ತಿಳಿಯಂಗಿಲ್ರಿ ಸರ. ಬಾಜೂಕ ಕುಂತವ್ರು ಯಾರೂ ಹೇಳಲಿಲ್ಲೇನ್ರಿ?"

"ಇಲ್ಲಪಾ, ಯಾರೂ ಹೇಳಲಿಲ್ಲ" ಅಂದೆ.